ಮೊರದ ಕಾಳು, ಟ್ಯಾಬಿನ ಹಸು: ಅಜ್ಜಿಯರ ಮೆದುಳಿಗೆ ಕಂಪ್ಯೂಟರ್ ಪಾಠ ಬಂದ ಕತೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತಿನ ಕತೆ ನಂದಗುಡಿಯ ನಮ್ಮ ಮನೆ ಜಗಲಿಯಿಂದ ಶುರುವಾಗುತ್ತೆ. ನಂದಗುಡಿ ಗೊತ್ತಲ್ಲ, ಹೊಸಕೋಟೆ ತಾಲ್ಲೂಕಿನ ಹೋಬಳಿ ಊರು, ಹೊಸಕೋಟೆಯಿಂದ ಚಿಂತಾಮಣಿ ಕಡೆ ಹೋಗೋ ದಾರಿ. 2007ರ ಸುಮಾರಿನ ಎಸ್‌ಇಜೆಡ್ ಹೋರಾಟದಿಂದ ಈ ಹೆಸರು ಕೇಳಿರೋರೂ ಇರಬಹುದು. ಅದು ಬೇರೆ ಸಂಚಿಕೆಗೆ ಆಗುವಷ್ಟು ದೊಡ್ಡ ಕತೆ, ಇವತ್ತು ಬೇಡ.

ಜಗಲಿ ಮೇಲೆ ನಮ್ಮಜ್ಜಿ. ವಯಸ್ಸು ಎಪ್ಪತ್ತರ ಮೇಲೆ, ಎಷ್ಟು ಮೇಲೆ ಅಂತ ಅವರಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿಗೂ ಗೊತ್ತಿಲ್ಲ. ಸ್ಟ್ರೋಕ್ ಆಗಿ ಐದು ತಿಂಗಳಾಗಿತ್ತು. ಕೈಕಾಲು ಬಹುಪಾಲು ಸುಧಾರಿಸಿತ್ತು. ಗಮನ ಮಾತ್ರ ನಿಲ್ತಿರಲಿಲ್ಲ. ಒಲೆ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿಬಿಡೋರು. ಮಾತಿನ ನಡುವೆ ಎಳೆ ತಪ್ಪೋದು. ಯಾರೋ ತಿಳಿದವರು, ಮೆದುಳಿಗೆ ಕಸರತ್ತು ಕೊಡೋ ಆ್ಯಪ್ ಇದೆ, ಹಾಕಿಕೊಡಿ ಅಂದ್ರು. ನಾನು ಉತ್ಸಾಹದಲ್ಲಿ ಟ್ಯಾಬ್ ತಗೊಂಡು ಹೋದೆ.

ಪರದೆ ಮೇಲೆ ನಾಲ್ಕು ಚಿತ್ರ: ಹಸು, ಕುರಿ, ಕೋಳಿ, ಒಂದು ಕಂತೆ ಹುಲ್ಲು. ಇದರಲ್ಲಿ ಗುಂಪಿಗೆ ಸೇರದೇ ಇರೋದು ಯಾವುದು ಅಂತ ಇಂಗ್ಲಿಷಿನಲ್ಲಿ ಪ್ರಶ್ನೆ. ನಾನು ಕನ್ನಡದಲ್ಲಿ ಹೇಳಿದೆ. ಅಜ್ಜಿ ಕೋಳಿ ಮೇಲೆ ಬೆರಳಿಟ್ರು. ಕರ್ರ್ ಅಂತ ಸದ್ದು, ಪರದೆಯೆಲ್ಲ ಕೆಂಪು. ತಪ್ಪು. "ಯಾಕಜ್ಜಿ ಕೋಳಿ?" ಅಂದೆ. "ಹುಲ್ಲಿಲ್ದೆ ಹಸ ಏನ್ ತಿಂತದೆ? ಕುರಿ ಏನ್ ತಿಂತದೆ? ಕೋಳಿ ತಾನೇ ಬೇರೆ, ಅದು ತಿಪ್ಪೆ ಕೆದಕ್ಕೊಂಡು ತಿಂತದೆ" ಅಂದ್ರು.

ಹತ್ತು ನಿಮಿಷ ಕಳೆದ ಮೇಲೆ ನೂರಕ್ಕೆ ಹದಿನಾಲ್ಕು ಅಂಕ ಬಂತು. ಅಜ್ಜಿಗೆ ಅಂಕ ಓದೋಕೆ ಬರಲ್ಲ, ಕೆಂಪು ಬಣ್ಣ ಅರ್ಥ ಆಗುತ್ತೆ. ಟ್ಯಾಬ್ ನನ್ನ ಕೈಗೆ ಕೊಟ್ಟು, "ನನ್ ತಲೆ ಹೋಯ್ತು ಬಿಡು ಮಗ" ಅಂದ್ರು. ಆ ಹದಿನಾಲ್ಕು ಮನೆಯೆಲ್ಲ ಸುತ್ತಾಡಿತು. ರಾತ್ರಿ ಊಟಕ್ಕೆ ಕೂತಾಗ, ಇನ್ಮೇಲೆ ಅಜ್ಜಿ ಕೈಗೆ ದುಡ್ಡು ಕೊಡೋದು ಬೇಡ, ರೇಷ್ಮೆ ಹುಳದ ಮನೆ ಜವಾಬ್ದಾರಿನೂ ಬೇಡ ಅಂತ ಮಾತು ಬಂತು. ನಲವತ್ತು ವರ್ಷ ಹುಳ ಸಾಕಿದ ಹೆಂಗಸು. ಆ ಅಂಕವನ್ನ ಮನೆಗೆ ತಂದವನು ನಾನೇ. ಅವತ್ತು ರಾತ್ರಿ ಫೋನ್ ಹಿಡ್ಕೊಂಡು ಹುಡುಕೋಕೆ ಕೂತೆ: ಮುದುಕರನ್ನ ಪರದೆ ಮುಂದೆ ಕೂರಿಸಿ ಮೆದುಳು ರಿಪೇರಿ ಮಾಡೋ ಈ ಯೋಚನೆ ಎಲ್ಲಿಂದ ಬಂತು?

ಆಶ್ಚರ್ಯ ಏನಂದ್ರೆ, ಇದು ಶುರುವಾಗಿದ್ದು ಮುದುಕರಿಂದಲ್ಲ, ಹುಡುಗರಿಂದ. ತಲೆಗೆ ಗುಂಡು ಬಿದ್ದೂ ಬದುಕಿ ಉಳಿದ ಸೈನಿಕರಿಂದ. ಒಂದನೇ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಇಂಥವರ ಸಂಖ್ಯೆ ತುಂಬ ಜಾಸ್ತಿಯಾಯ್ತು. ಕಲೋನ್‌ನಲ್ಲಿ ವಾಲ್ಟರ್ ಪೊಪೆಲ್‌ರಾಯ್ಟರ್, ಫ್ರಾಂಕ್‌ಫರ್ಟ್‌ನಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್ ಅನ್ನೋ ವೈದ್ಯರು ಅವರನ್ನ ಪರೀಕ್ಷೆ ಮಾಡಿ, ತರಬೇತಿ ಕೊಟ್ಟು, ಮತ್ತೆ ಕೆಲಸಕ್ಕೆ ಕಳಿಸೋ ಪ್ರಯತ್ನ ಮಾಡಿದ್ರು. ಪಾಠದ ಜೊತೆ ಕೈಕಸುಬಿನ ಕಾರ್ಖಾನೆಯೂ ಇತ್ತು. ಆಗ ಅವರ ಪ್ರಶ್ನೆ ಬಹಳ ಸರಳ: ಈ ಮನುಷ್ಯ ನಾಳೆ ತನ್ನ ಕೆಲಸ ಮಾಡಬಲ್ಲನಾ?

ಎರಡನೇ ಮಹಾಯುದ್ಧದ ಹೊತ್ತಿಗೆ ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಲೂರಿಯಾ ಬಂದ್ರು. ಉರಲ್ ಪರ್ವತದ ಕಡೆ ಒಂದು ಆಸ್ಪತ್ರೆಯಲ್ಲಿ ಸೈನಿಕರಿಗೆ ಚಿಕಿತ್ಸೆ ಕೊಡ್ತಿದ್ರು. ಅವರ ಒಬ್ಬ ರೋಗಿಯ ಕತೆ ನನಗೆ ತುಂಬ ಹಿಡಿಸಿತು. ಹೆಸರು ಝಸೆಟ್‌ಸ್ಕಿ. 1943ರಲ್ಲಿ ತಲೆಗೆ ಗುಂಡೇಟು. ಓದೋದು, ಬರೆಯೋದು ಎರಡೂ ಹೋಯ್ತು. ಒಂದೊಂದೇ ಅಕ್ಷರ ನೆನಪು ಮಾಡ್ಕೊಂಡು ಬರೆಯೋಕೆ ಒದ್ದಾಡ್ತಿದ್ದ. ಒಂದು ದಿನ ವೈದ್ಯರು, ಅಕ್ಷರದ ಬಗ್ಗೆ ಯೋಚನೆನೇ ಮಾಡ್ಬೇಡ, ಕೈ ಎತ್ತದೆ ಒಂದೇ ಸಲಕ್ಕೆ ಪದ ಬರಿ ಅಂದ್ರು. ಬರೆದುಬಿಟ್ಟ! ತಲೆ ಮರೆತದ್ದನ್ನ ಕೈ ಮರೆತಿರಲಿಲ್ಲ. ಆಮೇಲೆ ಸುಮಾರು 25 ವರ್ಷ ಕೂತು 3,000 ಪುಟದಷ್ಟು ತನ್ನ ಕತೆ ಬರೆದ. ತಾನು ಬರೆದದ್ದನ್ನ ತಾನೇ ಓದೋಕೆ ಮಾತ್ರ ಕೊನೆವರೆಗೂ ಕಷ್ಟಪಟ್ಟ.

ಲೂರಿಯಾ ವಿಧಾನದ ತಿರುಳು ಇದು. ಕೆಟ್ಟಿರೋ ದಾರಿಯಲ್ಲೇ ತಲೆ ಚಚ್ಚಿಕೊಳ್ಳೋ ಬದಲು, ಉಳಿದಿರೋ ಯಾವ ದಾರಿಯಿಂದ ಅದೇ ಊರಿಗೆ ಹೋಗಬಹುದು ಅಂತ ಹುಡುಕೋದು. ಇದನ್ನ ನೆನಪಲ್ಲಿಟ್ಕೊಳ್ಳಿ, ನಂದಗುಡಿಗೆ ವಾಪಸ್ ಬರುವಾಗ ಬೇಕಾಗುತ್ತೆ.

ಕಂಪ್ಯೂಟರ್ ಬಂದಿದ್ದು 1970ರ ದಶಕದ ಕೊನೆಯಲ್ಲಿ. ಅದೂ ಆಟದ ರೂಪದಲ್ಲಿ. ಅಮೆರಿಕದ ಮನೆಗಳಿಗೆ ಆಟಾರಿ ವಿಡಿಯೊ ಗೇಮ್ ಬಂದಿತ್ತು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಮನಶ್ಶಾಸ್ತ್ರಜ್ಞ ವಿಲಿಯಂ ಲಿಂಚ್, ಮೆದುಳಿಗೆ ಪೆಟ್ಟಾದವರಿಗೆ ಅದೇ ಆಟಗಳನ್ನ ಆಡಿಸಿದ್ರು. ಇಂಡಿಯಾನಾಪೊಲಿಸ್‌ನ ಓಡಿ ಬ್ರೇಸಿ 1980ರ ದಶಕದಲ್ಲಿ ಇದಕ್ಕೇ ಅಂತ ಸಾಫ್ಟ್‌ವೇರ್ ಬರೆದ್ರು. ಕಂಪ್ಯೂಟರಿನ ಗುಣ ಅಂದ್ರೆ ಅದಕ್ಕೆ ಬೇಜಾರಾಗಲ್ಲ. ಒಂದೇ ಅಭ್ಯಾಸವನ್ನ ಸಾವಿರ ಸಲ ಮಾಡಿಸುತ್ತೆ, ನೀವು ಎಷ್ಟು ತಡವಾಗಿ ಬಟನ್ ಒತ್ತಿದ್ರಿ ಅಂತ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳೆಯುತ್ತೆ, ನಿಮಗೆ ಸುಲಭ ಆದ ಕೂಡಲೇ ಕಷ್ಟ ಮಾಡುತ್ತೆ. ಇದನ್ನೆಲ್ಲ ಒಬ್ಬ ಚಿಕಿತ್ಸಕಿ ಕಾಗದ, ಪೆನ್ಸಿಲ್ ಹಿಡ್ಕೊಂಡು ಮಾಡೋದು ಬಹಳ ಕಷ್ಟ.

ವಯಸ್ಸಾದವರು ಈ ಕತೆಗೆ ಬಂದಿದ್ದು ಆಮೇಲೆ. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೃದ್ಧರಿಗೆ ಕೆಲವು ವಾರ ಪ್ಯಾಕ್‌ಮ್ಯಾನ್, ಡಾಂಕಿ ಕಾಂಗ್ ಆಡಿಸಿದ್ರು! ಅವರ ಪ್ರತಿಕ್ರಿಯೆಯ ವೇಗ ಸುಧಾರಿಸಿತು ಅಂತ ವರದಿ ಆಯ್ತು. ಸಣ್ಣ ಪ್ರಯೋಗ. ದೊಡ್ಡ ಪ್ರಯೋಗಕ್ಕೆ ಇನ್ನೂ ಹತ್ತು ವರ್ಷ ಕಾಯಬೇಕಾಯ್ತು.

ಆ ದೊಡ್ಡ ಪ್ರಯೋಗದ ಹೆಸರು ಆ್ಯಕ್ಟಿವ್. 65 ದಾಟಿದ 2,832 ಅಮೆರಿಕನ್ನರು. ಒಂದು ಗುಂಪಿಗೆ ನೆನಪಿನ ತಂತ್ರಗಳ ಪಾಠ, ಇನ್ನೊಂದಕ್ಕೆ ತರ್ಕ, ಮೂರನೆಯದಕ್ಕೆ ಕಂಪ್ಯೂಟರ್ ಮೇಲೆ ವೇಗದ ಅಭ್ಯಾಸ, ನಾಲ್ಕನೆಯದಕ್ಕೆ ಏನೂ ಇಲ್ಲ. ವೇಗದ ಅಭ್ಯಾಸ ಹೀಗೆ: ಪರದೆಯ ನಡುವೆ ಒಂದು ವಾಹನದ ಚಿತ್ರ ಮಿಂಚಿ ಹೋಗುತ್ತೆ, ಅದೇ ಕ್ಷಣ ಅಂಚಿನಲ್ಲೆಲ್ಲೋ ಇನ್ನೊಂದು ಚಿತ್ರ. ನಡುವೆ ಏನಿತ್ತು, ಅಂಚಿನದು ಎಲ್ಲಿತ್ತು, ಎರಡೂ ಹೇಳಬೇಕು. ಸರಿ ಹೇಳ್ತಾ ಹೋದ ಹಾಗೆ ಮಿಂಚೋ ಹೊತ್ತು ಕಮ್ಮಿ ಆಗ್ತಾ ಹೋಗುತ್ತೆ. ಸುಮಾರು ಹತ್ತು ತರಗತಿ, ಅಷ್ಟೆ. ಕೆಲವರಿಗೆ ಮಾತ್ರ ಆಮೇಲೆ ಮರು ಅಭ್ಯಾಸ.

2002ರಲ್ಲಿ ಮೊದಲ ಫಲಿತಾಂಶ ಬಂತು. ಯಾವುದನ್ನ ಕಲಿಸಿದ್ರೋ ಅದರಲ್ಲಿ ಜನ ಚೆನ್ನಾಗಾದ್ರು. ದಿನನಿತ್ಯದ ಬದುಕಿಗೆ ಅದು ಹರಿದು ಬಂದಿದ್ದು ಆಗ ಕಾಣಲಿಲ್ಲ. 2014ರಲ್ಲಿ, ಹತ್ತು ವರ್ಷದ ನಂತರ ನೋಡಿದಾಗ, ತರಬೇತಿ ಪಡೆದ ಮೂರೂ ಗುಂಪಿನವರು ಅಡುಗೆ, ದುಡ್ಡಿನ ಲೆಕ್ಕದಂಥ ಕೆಲಸಗಳಲ್ಲಿ ತಮಗೆ ಕಷ್ಟ ಕಮ್ಮಿ ಅಂತ ಹೇಳಿಕೊಂಡ್ರು. 2017ರಲ್ಲಿ ಇನ್ನೊಂದು ವಿಶ್ಲೇಷಣೆ: ವೇಗದ ಅಭ್ಯಾಸ ಮಾಡಿದ ಗುಂಪಿನಲ್ಲಿ ಡಿಮೆನ್ಶಿಯಾ ಬರೋ ಸಾಧ್ಯತೆ 29 ಶೇಕಡಾ ಕಮ್ಮಿ. ಈ ಸಂಖ್ಯೆ ನೀವು ಜಾಹೀರಾತಿನಲ್ಲಿ ನೋಡಿರಬಹುದು. ಆ ಅಧ್ಯಯನದಲ್ಲಿ ವೈದ್ಯರು ಒಬ್ಬೊಬ್ಬರನ್ನೂ ಪರೀಕ್ಷಿಸಿ ಡಿಮೆನ್ಶಿಯಾ ಅಂತ ಹೇಳಿದ್ದಲ್ಲ, ಸಂದರ್ಶನ ಮತ್ತು ಪರೀಕ್ಷೆಗಳ ಅಂಕದ ಮೇಲೆ ಲೆಕ್ಕ ಹಾಕಿದ್ದು ಅನ್ನೋದು ಜಾಹೀರಾತಿನಲ್ಲಿ ಇರಲ್ಲ.

ಜಾಹೀರಾತು ಅಂದ್ನಲ್ಲ. 2005ರಲ್ಲಿ ನಿಂಟೆಂಡೊ ಕಂಪನಿ ಜಪಾನಿನಲ್ಲಿ ಮೆದುಳಿನ ಆಟ ಬಿಡುಗಡೆ ಮಾಡಿತು, ಅದು ಜಗತ್ತಿನಾದ್ಯಂತ ಓಡಿತು. ಹಿಂದೆಯೇ ಆ್ಯಪ್‌ಗಳ ಸುಗ್ಗಿ. 2010ರಲ್ಲಿ ಬಿಬಿಸಿ ಜೊತೆ ಸೇರಿ 11,430 ಜನರ ಮೇಲೆ ನಡೆದ ಆರು ವಾರದ ಪ್ರಯೋಗ, ಆಡಿದ ಆಟದಲ್ಲಿ ಜಾಣರಾದ್ರು, ಬೇರೆ ಯಾವುದರಲ್ಲೂ ಅಲ್ಲ ಅಂತ ಹೇಳಿತು. ಅದರಲ್ಲಿ 60 ದಾಟಿದವರು ಇರಲಿಲ್ಲ, ಹಾಗಾಗಿ ಅಜ್ಜಿಯರ ಬಗ್ಗೆ ಅದು ನೇರವಾಗಿ ಏನೂ ಹೇಳಲ್ಲ. 2016ರ ಜನವರಿಯಲ್ಲಿ ಲುಮೋಸಿಟಿ ಆ್ಯಪ್‌ನ ಕಂಪನಿ, ವಯಸ್ಸಿನ ಮರೆವನ್ನ ತಡೀತೀವಿ ಅನ್ನೋ ತರದ ಜಾಹೀರಾತಿಗೆ ತಕ್ಕ ಪುರಾವೆ ಇಲ್ಲ ಅನ್ನೋ ಆರೋಪಕ್ಕೆ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗದ ಜೊತೆ ರಾಜಿ ಮಾಡ್ಕೊಂಡು 20 ಲಕ್ಷ ಡಾಲರ್ ಕಟ್ಟಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಬಹಳ ಅಳೆದು ತೂಗಿದ ಮಾತು: ಇಂಥ ತರಬೇತಿ ಕೊಡಬಹುದು, ಪುರಾವೆ ಮಾತ್ರ ದುರ್ಬಲ.

ನನ್ನ ಅಭಿಪ್ರಾಯ ಕೇಳಿದ್ರೆ, ಇಷ್ಟೂ ಜಗಳದಲ್ಲಿ ಒಂದು ಹಳೇ ಪ್ರಶ್ನೆ ಕಳೆದುಹೋಯ್ತು. ನಾಳೆ ಈ ಮನುಷ್ಯ ತನ್ನ ಕೆಲಸ ಮಾಡಬಲ್ಲನಾ ಅನ್ನೋ ಪ್ರಶ್ನೆ. ಅದರ ಜಾಗದಲ್ಲಿ ಅಂಕ ಬಂದು ಕೂತಿತು. ಅಂಕ ಬಂದ ಮೇಲೆ, ಆ ಅಂಕ ಯಾರ ಬದುಕಿಗೆ ಹೊಲಿದ ಬಟ್ಟೆ ಅಂತ ಕೇಳೋರು ಕಮ್ಮಿಯಾದ್ರು.

ಈಗ ಮತ್ತೆ ಲೂರಿಯಾ ಹತ್ರ. ಯುದ್ಧಕ್ಕೂ ಹತ್ತು ವರ್ಷ ಮುಂಚೆ, 1931–32ರಲ್ಲಿ, ಅವರು ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋಗಿದ್ರು. ಶಾಲೆ ಮೆಟ್ಟಿಲು ಹತ್ತದ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ತೋರಿಸಿ, ಇದರಲ್ಲಿ ಬೇರೆ ಯಾವುದು ಅಂತ ಕೇಳಿದ್ರು. ಓದಿದವರು ಹೇಳೋ ಉತ್ತರ ದಿಮ್ಮಿ, ಮಿಕ್ಕಿದ್ದೆಲ್ಲ ಉಪಕರಣ. ರೈತರು ಒಪ್ಪಲಿಲ್ಲ. ಎಲ್ಲ ಬೇಕು, ದಿಮ್ಮಿ ಇಲ್ಲದೆ ಗರಗಸ ಯಾಕೆ ಅನ್ನೋ ಅರ್ಥದಲ್ಲಿ ವಾದ ಮಾಡಿದ್ರು. ಆ ಪುಸ್ತಕ ಹೊರಗೆ ಬಂದಿದ್ದು ನಲವತ್ತು ವರ್ಷ ಆದ್ಮೇಲೆ, 1974ರಲ್ಲಿ.

ಇದನ್ನ ಓದಿದಾಗ ರಾತ್ರಿ ಒಂದೂವರೆ. ಎದ್ದು ಕೂತುಬಿಟ್ಟೆ. ಹುಲ್ಲಿಲ್ದೆ ಹಸ ಏನ್ ತಿಂತದೆ! ಸುಮಾರು ತೊಂಬತ್ತು ವರ್ಷದ ಹಿಂದೆ ದಾಖಲಾದ ಉತ್ತರವನ್ನೇ ನಮ್ಮಜ್ಜಿ ಕೊಟ್ಟಿದ್ರು. ಅದು ಸ್ಟ್ರೋಕ್‌ನ ಲಕ್ಷಣ ಅಲ್ಲ, ಶಾಲೆಗೆ ಹೋಗದ ರೈತ ಹೆಂಗಸಿನ ವರ್ಗೀಕರಣ. ಆ್ಯಪ್ ಅದಕ್ಕೆ ಕೆಂಪು ದೀಪ ಹಾಕಿತ್ತು. ಹಾಗಂತ ಅಜ್ಜಿಗೆ ತೊಂದರೆ ಏನೂ ಇರಲಿಲ್ಲ ಅಂತ ಅಲ್ಲ. ಹಾಲು ಉಕ್ಕಿ ಹೋಗಿದ್ದು ನಿಜ. ನಿಜವಾದ ತೊಂದರೆ ಒಂದು ಕಡೆ ಇತ್ತು, ಆ್ಯಪ್ ಅಳೆದಿದ್ದು ಇನ್ನೊಂದನ್ನ.

ನಮ್ಮ ದೇಶದಲ್ಲಿ ಇದನ್ನ ಗಮನಿಸಿದವರು ಇದ್ದಾರೆ. ಮರೆವು ಪತ್ತೆ ಮಾಡೋಕೆ 1975ರಿಂದ ಜಗತ್ತಿನಾದ್ಯಂತ ಬಳಸ್ತಿದ್ದ ಮಿನಿ ಮೆಂಟಲ್ ಪರೀಕ್ಷೆಯಲ್ಲಿ, ಓದು, ಒಂದು ವಾಕ್ಯ ಬರಿ, ನೂರರಿಂದ ಏಳೇಳು ಕಳೀತಾ ಹೋಗು ಅಂತೆಲ್ಲ ಇತ್ತು. 1995ರಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಅದನ್ನ ಬದಲಾಯಿಸಿದ್ರು. ನೂರರಿಂದ ಏಳು ಕಳೆಯೋ ಬದಲು ಇಪ್ಪತ್ತರಿಂದ ಮೂರು. 'ಕಣ್ಣು ಮುಚ್ಚಿ' ಅಂತ ಬರೆದಿದ್ದನ್ನ ಓದಿ ಮಾಡೋ ಬದಲು, ನಾನು ಮಾಡಿದ ಹಾಗೆ ಮಾಡಿ ಅಂತ ಪರೀಕ್ಷಕರೇ ಕಣ್ಣು ಮುಚ್ಚಿ ತೋರಿಸೋದು. ಸಣ್ಣ ಬದಲಾವಣೆ ಅನ್ಸುತ್ತೆ, ಆದ್ರೆ ಎಷ್ಟು ಜನರ ಮೇಲಿಂದ ತಪ್ಪು ಹಣೆಪಟ್ಟಿ ತೆಗೀತು ಯೋಚಿಸಿ.

ಇನ್ನು ಚಿಕಿತ್ಸೆ. ಇಲ್ಲಿ ನಮ್ಮ ನಿಮ್ಹಾನ್ಸ್ ಕತೆ ಬರುತ್ತೆ. 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಅಲ್ಲಿ ಶೋಭಿನಿ ಎಲ್. ರಾವ್ ಮತ್ತು ಅವರ ವಿದ್ಯಾರ್ಥಿಗಳು ತಲೆಗೆ ಪೆಟ್ಟಾದವರಿಗೆ, ಆಮೇಲೆ ಸ್ಕಿಜೋಫ್ರೇನಿಯಾ ಇರೋರಿಗೆ ಗಮನ, ನೆನಪಿನ ತರಬೇತಿ ರೂಪಿಸಿದ್ರು. ಹೊಸೂರು ರಸ್ತೆಗೆ ದಿನಾ ಬರೋಕೆ ಎಲ್ಲರಿಗೂ ಆಗಲ್ಲ. ಹಾಗಾಗಿ ಮನೆಯಲ್ಲೇ, ಮನೆಯವರ ಜೊತೆ ಕೂತು ಮಾಡೋ ಅಭ್ಯಾಸಗಳು. ಒಂದು ಹಾಳೆ ತುಂಬ ಅಕ್ಷರ, ಅದರಲ್ಲಿ ಹೇಳಿದ ಅಕ್ಷರ ಮಾತ್ರ ಹೊಡೆದು ಹಾಕೋದು. ಇನ್ನೊಂದು ಏನು ಗೊತ್ತಾ? ಕಾಳು ಬೇರೆ ಮಾಡೋದು! ಬೆರೆಸಿದ ಕಾಳುಗಳನ್ನ ಬಗೆಬಗೆಯಾಗಿ ವಿಂಗಡಿಸೋದು, ಎಷ್ಟು ಹೊತ್ತು ಹಿಡೀತು, ಎಷ್ಟು ತಪ್ಪಾಯ್ತು ಅಂತ ಬರೆದಿಡೋದು. ಗಮನವನ್ನ ಒಂದೇ ಕಡೆ ನಿಲ್ಲಿಸೋದಕ್ಕೆ ಇದು ಅಭ್ಯಾಸ.

ಮೊರ ಹಿಡಿದು ಬೆಳೆದ ಊರಿನ ಹುಡುಗ ನಾನು. ಇದು ಚಿಕಿತ್ಸೆಯ ಪಟ್ಟಿಯಲ್ಲಿ ಇದೆ ಅಂತ ಓದಿ ನಗುನೂ ಬಂತು, ಸ್ವಲ್ಪ ನಾಚಿಕೆನೂ ಆಯ್ತು.

ನಿಮ್ಹಾನ್ಸ್ ಕಂಪ್ಯೂಟರನ್ನ ದೂರ ಇಟ್ಟಿತು ಅಂದ್ಕೊಬೇಡಿ. ಅಲ್ಲಿ ಜಮುನಾ ರಾಜೇಶ್ವರನ್ ಅವರ ತಂಡ ನ್ಯೂರೊಫೀಡ್‌ಬ್ಯಾಕ್ ಮೇಲೆ ಕೆಲಸ ಮಾಡಿದೆ. ತಲೆಗೆ ತಂತಿ ಅಂಟಿಸಿ, ಮೆದುಳಿನ ಅಲೆಗಳನ್ನ ಪರದೆ ಮೇಲಿನ ಚಿತ್ರವಾಗಿ ತೋರಿಸಿ, ಅದನ್ನ ಹತೋಟಿಗೆ ತರೋದನ್ನ ಕಲಿಸೋದು. ಅಲ್ಲಿ ಕಾಳೂ ಇದೆ, ಕಂಪ್ಯೂಟರೂ ಇದೆ.

ನಂದಗುಡಿಯಿಂದ ಚಿಂತಾಮಣಿ ದಾಟಿ ಹೋದ್ರೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ. ಮಾವಿನ ಊರು. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರೋ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ 10,000 ಹಳ್ಳಿ ಜನರನ್ನ ವರ್ಷಾನುಗಟ್ಟಲೆ ಗಮನಿಸೋ ಅಧ್ಯಯನ ಕೈಗೆತ್ತಿಕೊಂಡಿದ್ದಾರೆ. ಹೆಸರು ಸ್ಯಾನ್ಸ್‌ಕಾಗ್. ಅದರಲ್ಲಿ ಇಲ್ಲಿನ ಭಾಷೆಗೆ ಹೊಂದಿಸಿದ ಕಂಪ್ಯೂಟರ್ ಪರೀಕ್ಷೆಗಳೂ ಇವೆ. ಇದು ಚಿಕಿತ್ಸೆ ಅಲ್ಲ, ಅಳತೆ. ಆದ್ರೆ ನಮ್ಮ ಕಡೆಯ ರೈತರು ಸಹಜವಾಗಿ ಎಷ್ಟು ಅಂಕ ತೆಗೀತಾರೆ ಅಂತ ಗೊತ್ತಾಗದೆ, ಯಾರಿಗೆ ಕಮ್ಮಿಯಾಗಿದೆ ಅಂತ ಹೇಳೋದು ಹೇಗೆ?

ಭಾಷೆ ಅಂದ ಕೂಡಲೇ ಇನ್ನೊಂದು ಹೇಳ್ಬೇಕು. ನಮ್ಮಜ್ಜಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ನಮ್ಮ ಕಡೆ ಬಹಳ ಮನೆ ಹೀಗೇ. 2013ರಲ್ಲಿ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿ, ಎರಡು ಭಾಷೆ ಆಡೋರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು ಅಂತ ಬರೆದ್ರು. ಓದು ಬರಹ ಇಲ್ಲದವರಲ್ಲೂ ಹಾಗೇ ಕಂಡಿತು. ಎಲ್ಲ ದೇಶದಲ್ಲೂ ಇದೇ ಫಲಿತಾಂಶ ಬಂದಿಲ್ಲ, ಚರ್ಚೆ ಇದೆ. ಆದ್ರೂ, ದಿನಾ ಎರಡು ಭಾಷೆ ನಡುವೆ ಓಡಾಡೋ ತಲೆಗೆ ಇಂಗ್ಲಿಷ್ ಆ್ಯಪ್ ಹದಿನಾಲ್ಕು ಅಂಕ ಕೊಟ್ಟಿದ್ದು ನೋಡಿ.

ಸರಿ, ಮನೆಯಲ್ಲಿ ಏನು ಮಾಡಿದ್ವಿ? ಮೊದಲು ಡಾಕ್ಟರ ಹತ್ರ ಮತ್ತೆ ಹೋದ್ವಿ. ಬಿಪಿ ಮಾತ್ರೆ ಸರಿಯಾಗಿ ತಗೊಳ್ತಿರಲಿಲ್ಲ ಅಂತ ಗೊತ್ತಾಯ್ತು, ಅದನ್ನ ಸರಿ ಮಾಡಿದ್ರು. ಇದು ಎಲ್ಲ ಆ್ಯಪ್‌ಗಿಂತ ಮುಖ್ಯ, ದಯವಿಟ್ಟು ಮರೀಬೇಡಿ. ಈಗ ಕರ್ನಾಟಕದಲ್ಲಿ ಮೆದುಳು ಆರೋಗ್ಯ ಯೋಜನೆ ಕೂಡ ಇದೆ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಶುರು ಮಾಡಿದ್ದು, ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ. ಮರೆವು, ಸ್ಟ್ರೋಕ್, ಮೂರ್ಛೆ ಅಂತ ಬರೋರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ನೋಡೋ ವ್ಯವಸ್ಥೆ.

ಅಲ್ಲಿ ನೋಡಿದವರು ಕೇಳಿದ ಮೊದಲ ಪ್ರಶ್ನೆ: "ಅಜ್ಜಿ, ಮೊದ್ಲು ಏನ್ ಕೆಲ್ಸ ಮಾಡ್ತಿದ್ರಿ?" ಆ ಪ್ರಶ್ನೆನ ಅಲ್ಲಿವರೆಗೂ ಯಾರೂ ಕೇಳಿರಲಿಲ್ಲ, ನಾನೂ ಸೇರಿ. ಅಜ್ಜಿ ಹುಳದ ಬಗ್ಗೆ ಹತ್ತು ನಿಮಿಷ ಮಾತಾಡಿದ್ರು. ಎಳೆ ಎರಡೇ ಸಲ ತಪ್ಪಿತು.

ಊರಿಗೆ ಬಂದು ಮೊರದಲ್ಲಿ ಹುರುಳಿ, ಅಲಸಂದೆ, ತೊಗರಿ ಬೆರೆಸಿ ಕೊಟ್ವಿ. ಮೊದಲ ದಿನ ಎರಡು ಹಿಡಿ ಬೇರೆ ಮಾಡೋಕೆ ಇಪ್ಪತ್ತೆರಡು ನಿಮಿಷ, ನಡುವೆ ಮೂರು ಸಲ ಎದ್ದು ಹೋದ್ರು. ನಾನು ಫೋನಿನಲ್ಲಿ ಹೊತ್ತು ಅಳೆದು ಬರ್ಕೊಳ್ತಿದ್ದೆ. ಟ್ಯಾಬ್ ಮೂಲೆಗೆ ಸೇರಲಿಲ್ಲ. ನಮ್ಮನೆ ಸಾಮಾನು, ನೆಂಟರು, ಹೊಲದ ಫೋಟೊ ತೆಗೆದು ಜೋಡಿ ಹುಡುಕೋ ಆಟ ಮಾಡಿದೆ. ಕೆಂಪು ಬಣ್ಣ ತೆಗೆದುಹಾಕಿದೆ. ಚಿಕ್ಕಪ್ಪನ ಮಗಳು ಪಕ್ಕದಲ್ಲಿ ಕೂತು ಆಡಿಸ್ತಾಳೆ, ಕೆಲವು ಸಲ ಅವಳೇ ಸೋಲ್ತಾಳೆ. ಇದರಿಂದ ಎಷ್ಟು ಗುಣವಾಯ್ತು, ತಾನಾಗೇ ಎಷ್ಟು ಸುಧಾರಿಸಿತು ಅಂತ ಒಬ್ಬ ಅಜ್ಜಿಯ ಲೆಕ್ಕದಲ್ಲಿ ಹೇಳೋಕೆ ಆಗಲ್ಲ. ಎರಡು ತಿಂಗಳಾದ ಮೇಲೆ ಅದೇ ಎರಡು ಹಿಡಿ ಹನ್ನೊಂದು ನಿಮಿಷಕ್ಕೆ ಬಂತು. ಹಾಲು ಈಗಲೂ ಒಮ್ಮೊಮ್ಮೆ ಉಕ್ಕುತ್ತೆ.

ಹೋದ ತಿಂಗಳು ಹುಳ ಹಣ್ಣಾದವು. ಹಣ್ಣಾದ ಹುಳ ಮೈ ಸ್ವಲ್ಪ ಹೊಳೀತಾ, ಒಳಗೆ ಬೆಳಕಿಟ್ಟ ಹಾಗೆ ಕಾಣುತ್ತೆ, ಅದನ್ನ ಹೊತ್ತು ಮೀರದೆ ಆರಿಸಿ ಚಂದ್ರಂಕಿಗೆ ಬಿಡಬೇಕು. ಸಾವಿರಾರು ಹುಳ, ಕಣ್ಣು ಅಂಚಿನಲ್ಲಿರೋದನ್ನೂ ಹಿಡೀಬೇಕು, ಕೈ ನಿಲ್ಲಬಾರದು. ಅಜ್ಜಿ ಯಾರನ್ನೂ ಕೇಳದೆ ಹುಳದ ಮನೆಗೆ ಹೋಗಿ ತಟ್ಟೆ ಮುಂದೆ ಕೂತಿದ್ರು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ನೋಡಿದ್ರು, ಏನೂ ಅನ್ನಲಿಲ್ಲ. ನಾನೂ ಪಕ್ಕದಲ್ಲಿ ಕೂತು ಆರಿಸೋಕೆ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಅಜ್ಜಿ ನನ್ನ ಚಂದ್ರಂಕಿಯಿಂದ ಮೂರು ಹುಳ ತೆಗೆದು ವಾಪಸ್ ಸೊಪ್ಪಿನ ಮೇಲೆ ಹಾಕಿದ್ರು.

"ಇವು ಇನ್ನಾ ಕಾಯಿ ಕಣೋ" ಅಂದ್ರು.